ಗ್ರಾಮ ಪಂಚಾಯಿತಿಗೆ ಆರ್‌ಟಿಐ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿಯ ಬಗ್ಗೆ ಫೋನಿನಲ್ಲಿ, ಪತ್ರದಲ್ಲಿ, ಗ್ರಾಮಸಭೆ ಮುಗಿದ ಮೇಲೆ ಚಹಾ ಅಂಗಡಿ ಮುಂದೆ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಆದಷ್ಟು ಅವರ ಮಾತಿನಲ್ಲೇ ಇವೆ. ಉತ್ತರಗಳು ಕರ್ನಾಟಕದ ಗ್ರಾಮ ಪಂಚಾಯಿತಿಗಳಿಗೆ ಸಂಬಂಧಿಸಿದವು. ಕಾಯ್ದೆ ದೇಶಕ್ಕೆಲ್ಲ ಒಂದೇ ಆದರೂ ಶುಲ್ಕ ಮತ್ತು ಅರ್ಜಿಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ.

## ಶುರುವಿನ ಪ್ರಶ್ನೆಗಳು

ಪಂಚಾಯ್ತಿಗೂ ಆರ್‌ಟಿಐ ಹಾಕಬಹುದಾ? ಅದು ದೊಡ್ಡ ದೊಡ್ಡ ಇಲಾಖೆಗಳಿಗೆ ಮಾತ್ರ ಅಲ್ವಾ?

ಹಾಕಬಹುದು. ಸಂವಿಧಾನದ ಪ್ರಕಾರ ಅಥವಾ ಶಾಸನಸಭೆ ಮಾಡಿದ ಕಾಯ್ದೆಯ ಮೂಲಕ ಹುಟ್ಟಿದ ಎಲ್ಲ ಸಂಸ್ಥೆಗಳೂ 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬರುತ್ತವೆ. ಗ್ರಾಮ ಪಂಚಾಯಿತಿ ಎರಡೂ ಲೆಕ್ಕದಲ್ಲಿ ಬರುತ್ತದೆ.

ಅಷ್ಟೇ ಅಲ್ಲ, ಈ ಕಾಯ್ದೆಗಾಗಿ ನಡೆದ ಹೋರಾಟ ಶುರುವಾದದ್ದೇ ಹಳ್ಳಿಯ ಲೆಕ್ಕದಿಂದ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಕೂಲಿಕಾರರ, ರೈತರ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್‌ಕಿರಾಣಾದಲ್ಲಿ ಮೊದಲ ಜನಸುನವಾಯಿ ನಡೆಸಿತು. ಸರ್ಕಾರಿ ಕೆಲಸಗಳ ಹಾಜರಿ ಪಟ್ಟಿ, ಬಿಲ್‌ಗಳನ್ನು ಜನರ ಮುಂದೆಯೇ ಓದಿ ನಿಜವೋ ಸುಳ್ಳೋ ಎಂದು ಕೇಳುವ ಕ್ರಮ ಅದು. 1996ರಲ್ಲಿ ಬ್ಯಾವರ್‌ನಲ್ಲಿ ಧರಣಿ ಕೂತವರ ಬೇಡಿಕೆಯೂ ಆ ಕಾಗದಗಳ ನಕಲು ಬೇಕೆಂಬುದೇ. ಕರ್ನಾಟಕವಂತೂ ಕೇಂದ್ರದ ಕಾಯ್ದೆಗೂ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಹಾಗಾಗಿ ‘ಪಂಚಾಯ್ತಿಗೆಲ್ಲ ಇದು ಅನ್ವಯ ಆಗಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲದಕ್ಕೂ ಅರ್ಜಿನೇ ಹಾಕ್ಬೇಕಾ? ಸುಮ್ನೆ ಹೋಗಿ ಕೇಳಿದ್ರೆ ಕೊಡಲ್ವಾ?

ಎಷ್ಟೋ ವಿಷಯಕ್ಕೆ ಅರ್ಜಿ ಬೇಡ. ಕಾಯ್ದೆಯ 4(1)(ಬಿ) ಕಲಂ 17 ಬಗೆಯ ವಿವರಗಳನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು ಎನ್ನುತ್ತದೆ. ಬಜೆಟ್, ಫಲಾನುಭವಿಗಳ ವಿವರ, ಯಾವ ನೌಕರರ ಕೆಲಸ ಏನು, ಇವೆಲ್ಲ ಅದರಲ್ಲಿ ಸೇರಿವೆ. 15ನೇ ಹಣಕಾಸು ಆಯೋಗದ ಹಣದ ಖರ್ಚು ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಕಾಣುತ್ತದೆ. ಪಂಚಾಯಿತಿಯ ಬೇರೆ ಲೆಕ್ಕಗಳು ರಾಜ್ಯದ ಪಂಚಾಯಿತಿಗಳು ಬಳಸುವ ‘ಪಂಚತಂತ್ರ’ ತಂತ್ರಾಂಶದಲ್ಲಿವೆ.

ಹೆಚ್ಚಿನವರು ಮರೆತಿರುವುದು ಜಮಾಬಂದಿಯನ್ನು. ಹಿಂದಿನ ಆರ್ಥಿಕ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ವರ್ಷಕ್ಕೊಮ್ಮೆ ಹೊರಗಿನ ಅಧಿಕಾರಿಯ ಎದುರಿನಲ್ಲಿ, ಊರಿನವರ ಮುಂದೆ ತಾಳೆ ನೋಡಬೇಕು. ಅಂದು ದಾಖಲೆಗಳು ಮೇಜಿನ ಮೇಲೇ ಇರಬೇಕು. ಎಷ್ಟೋ ಕಡೆ ಸದಸ್ಯರ ಸಹಿ ಹಾಕಿಸಿಕೊಂಡು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ, ನಿಜ. ಆದರೆ ನಾಲ್ಕು ಜನ ಹೋಗಿ ‘ಈ ಕೆಲಸದ ಫೈಲು ತೋರಿಸಿ’ ಎಂದರೆ ತೋರಿಸದೆ ಬೇರೆ ದಾರಿಯಿಲ್ಲ. ಮೊದಲು ಇವನ್ನೆಲ್ಲ ನೋಡಿ, ಅಲ್ಲಿ ಸಿಗದ್ದಕ್ಕೆ ಆರ್‌ಟಿಐ ಹಾಕಿ. ಕಾಮಗಾರಿಯ ಹೆಸರು, ವರ್ಷ, ಮೊತ್ತ ಗೊತ್ತಿದ್ದರೆ ಅರ್ಜಿಯೂ ಬಿಗಿಯಾಗಿ ಬರುತ್ತದೆ.

ಅರ್ಜಿ ಯಾರ ಹೆಸರಿಗೆ? ಅಧ್ಯಕ್ಷರಿಗಾ, ಪಿಡಿಒಗಾ?

ಪಿಡಿಒಗೆ. ‘ಸಾರ್ವಜನಿಕ ಮಾಹಿತಿ ಅಧಿಕಾರಿ ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ’ ಎಂದು ಬರೆದು ಪಂಚಾಯಿತಿ, ತಾಲ್ಲೂಕು, ಜಿಲ್ಲೆಯ ಹೆಸರು ಹಾಕಿ. ಅಧ್ಯಕ್ಷರ ಹೆಸರಿಗೆ ಬರೆದರೆ ಸುಮ್ಮನೆ ಓಡಾಟ.

ಫೀಸು ಎಷ್ಟು, ಹೇಗೆ ಕಟ್ಟೋದು?

ಅರ್ಜಿಗೆ 10 ರೂಪಾಯಿ. ಎ4 ಅಳತೆಯ ನಕಲಿಗೆ ಪುಟಕ್ಕೆ 2 ರೂಪಾಯಿ. ಅಂಚೆಯಲ್ಲಿ ಕಳಿಸುವವರಿಗೆ ಅನುಕೂಲವಾದದ್ದು 10 ರೂಪಾಯಿಯ ಇಂಡಿಯನ್ ಪೋಸ್ಟಲ್ ಆರ್ಡರ್, ಅಂದರೆ ಐಪಿಒ. ಅದರ ನಂಬರನ್ನು ಅರ್ಜಿಯಲ್ಲೇ ಬರೆಯಿರಿ, ಕಳಿಸುವ ಮೊದಲು ಎರಡರದ್ದೂ ಫೋಟೊ ತೆಗೆದಿಟ್ಟುಕೊಳ್ಳಿ. ಕಚೇರಿಯಲ್ಲಿ ನಗದು ಕೊಟ್ಟರೆ ರಸೀದಿ ಇಲ್ಲದೆ ಎದ್ದು ಬರಬೇಡಿ. ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕವಿಲ್ಲ. ಅವರು ಕಾರ್ಡಿನ ಜೆರಾಕ್ಸ್ ಲಗತ್ತಿಸಬೇಕು.

ಆನ್‌ಲೈನ್‌ನಲ್ಲಿ ಹಾಕುವವರಿಗೆ ರಾಜ್ಯದ ಆರ್‌ಟಿಐ ಜಾಲತಾಣವಿದೆ. ಅಲ್ಲಿನ ಪಟ್ಟಿಯಲ್ಲಿ ನಿಮ್ಮ ಪಂಚಾಯಿತಿ ಕಾಣಿಸದಿದ್ದರೆ ಬೆಂಗಳೂರಿನ ಯಾವುದೋ ಕಚೇರಿಗೆ ಕಳಿಸಿ ಅದು ವರ್ಗಾವಣೆಯಾಗಿ ಬರಲೆಂದು ಕಾಯುವುದಕ್ಕಿಂತ ಅಂಚೆಯೇ ಬೇಗ.

‘ಇದೆಲ್ಲ ನಿಮಗ್ಯಾಕೆ?’ ಅಂತ ಕೇಳಿದ್ರು. ಏನಂತ ಹೇಳ್ಲಿ?

ಏನೂ ಹೇಳಬೇಕಿಲ್ಲ. 6(2)ನೇ ಕಲಂ ಪ್ರಕಾರ ಕಾರಣ ಕೇಳುವಂತಿಲ್ಲ. ಸಂಪರ್ಕಿಸಲು ಬೇಕಾದ ವಿಳಾಸ ಬಿಟ್ಟು ಬೇರೆ ಖಾಸಗಿ ವಿವರವನ್ನೂ ಕೇಳುವಂತಿಲ್ಲ. ನೀವು ಆ ಊರಿನವರೇ ಆಗಬೇಕೆಂದೂ ಇಲ್ಲ. ಬೀದರಿನವರು ಮಡಿಕೇರಿ ಕಡೆಯ ಪಂಚಾಯಿತಿಗೆ ಹಾಕಬಹುದು. ಅರ್ಜಿಯಲ್ಲಿ ನೀವಾಗಿಯೇ ಕಾರಣ ಬರೆಯಲೂ ಹೋಗಬೇಡಿ. ‘ಅವ್ಯವಹಾರ ನಡೆದಿರುವುದರಿಂದ’ ಎಂದು ಶುರುವಾದ ಅರ್ಜಿ ಮೊದಲ ಸಾಲಿನಲ್ಲೇ ಜಗಳವಾಗಿಬಿಡುತ್ತದೆ. ದಾಖಲೆ ಕೈಗೆ ಬರುವ ಮೊದಲು ಆ ಮಾತಿಗೆ ಬೆಲೆಯೂ ಇಲ್ಲ.

## ಅರ್ಜಿ ಬರೆಯುವಾಗ

‘ನಮ್ಮ ಬೀದಿ ರಸ್ತೆ ಒಂದೇ ಮಳೆಗೆ ಯಾಕೆ ಕಿತ್ತೋಯ್ತು? ಯಾರು ಹೊಣೆ?’ ಅಂತ ಕೇಳಿದ್ದೆ. ‘ಇದು ಮಾಹಿತಿ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಒಂದೇ ಸಾಲಿನ ಉತ್ತರ ಬಂತು. ಇದು ಸರೀನಾ?

ಕೋಪ ಬರುತ್ತದೆ, ಆದರೆ ಕಾನೂನಿನ ಪ್ರಕಾರ ಉತ್ತರ ಸರಿಯಿದೆ. ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನಷ್ಟೇ ಕೊಡಬೇಕು, ಹೊಸದಾಗಿ ವಿವರಣೆ ಬರೆದು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಉತ್ತರಪತ್ರಿಕೆ ಪ್ರಕರಣದಲ್ಲಿ ಹೇಳಿದೆ. ‘ಯಾಕೆ’, ‘ಯಾರು ಹೊಣೆ’, ‘ಇದು ನ್ಯಾಯವೇ’ ಎಂಬ ಪ್ರಶ್ನೆಗಳೆಲ್ಲ ಇಲ್ಲೇ ಬಿದ್ದುಹೋಗುತ್ತವೆ. ಅದೇ ಪ್ರಶ್ನೆಗೆ ಉತ್ತರ ಕೊಡುವ ಕಾಗದದ ಹೆಸರು ಹೇಳಿ ಕೇಳಿದರೆ ನಿರಾಕರಿಸುವುದು ಕಷ್ಟ.

ಒಂದು ಕಾಮಗಾರಿ ಎಂದರೆ ಕಾಗದಗಳ ಸರಣಿ. ಮೊದಲು ಅದು ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಸಭೆ ಒಪ್ಪಿದ್ದಕ್ಕೆ ನಡಾವಳಿ ಇರುತ್ತದೆ. ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ಅದಕ್ಕೆ ತಾಂತ್ರಿಕ ಮಂಜೂರಾತಿ ಸಿಗುತ್ತದೆ, ಆಮೇಲೆ ಕಾರ್ಯಾದೇಶ. ಕೆಲಸವಾದ ಮೇಲೆ ಅಳತೆಯನ್ನು ಎಂ.ಬಿ. ಪುಸ್ತಕದಲ್ಲಿ ಬರೆಯುತ್ತಾರೆ. ಅದರ ಮೇಲೆ ಬಿಲ್ಲು, ಬಿಲ್ಲಿನ ಮೇಲೆ ವೋಚರ್, ಕೊನೆಗೆ ನಗದು ಪುಸ್ತಕದಲ್ಲಿ ಒಂದು ಸಾಲು. ಯಾವುದೋ ಒಂದು ಕಾಗದ ಇಲ್ಲವೆಂದರೆ ಅದೇ ನಿಮಗೆ ಸಿಕ್ಕ ಮಾಹಿತಿ.

ಹಾಗಾಗಿ ಹೀಗೆ ಬರೆಯಿರಿ:

> 2023–24ನೇ ಸಾಲಿನಲ್ಲಿ (ಊರಿನ ಹೆಸರು) ಗ್ರಾಮದ ಮಾರಮ್ಮನ ಗುಡಿಯಿಂದ ಸರ್ಕಾರಿ ಶಾಲೆವರೆಗೆ ನಿರ್ಮಿಸಿದ ಸಿಸಿ ರಸ್ತೆ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿಗಳನ್ನು ನೀಡಿ: ಕಾಮಗಾರಿ ಸೇರಿರುವ ಕ್ರಿಯಾ ಯೋಜನೆಯ ಪುಟ, ಅನುಮೋದನೆ ನೀಡಿದ ಸಭೆಯ ನಡಾವಳಿ, ಅಂದಾಜು ಪಟ್ಟಿ, ಕಾರ್ಯಾದೇಶ, ಎಂ.ಬಿ. ಪುಟಗಳು, ಬಿಲ್ ಮತ್ತು ವೋಚರ್‌ಗಳು, ಕಾಮಗಾರಿಯ ಫೋಟೊಗಳು. ಮೂಲ ಕಡತದ ಪರಿಶೀಲನೆಗೂ ದಿನ, ಸಮಯ ತಿಳಿಸಿ.

ಇದರಲ್ಲಿ ಆರೋಪವಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಏಳು ಕಾಗದ ಕೇಳಿದ್ದರೂ ವಿಷಯ ಒಂದೇ.

150 ಪದ ದಾಟಬಾರದು ಅಂತಾರೆ. ಹೌದಾ?

ಹೌದು. ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಸೇರಿಸಿದ ಷರತ್ತು ಇದು: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ನನಗೆ ಇದು ಅನ್ಯಾಯದ ನಿಯಮ ಅನ್ನಿಸುತ್ತದೆ. ಬರೆದು ರೂಢಿಯಿಲ್ಲದವರು ಉದ್ದ ಬರೆಯುವುದೇ ಹೆಚ್ಚು, ತಿರಸ್ಕಾರವಾಗುವುದೂ ಅವರದ್ದೇ. ಆದರೆ ನಿಯಮ ಇದೆ, ಪಿಡಿಒಗಳಿಗೆ ಅದು ಬಾಯಿಪಾಠ. ರಸ್ತೆಗೊಂದು, ಬೀದಿ ದೀಪಕ್ಕೊಂದು, ಕುಡಿಯುವ ನೀರಿನ ಮೋಟಾರ್ ರಿಪೇರಿಗೊಂದು ಬೇರೆ ಬೇರೆ ಅರ್ಜಿ ಹಾಕಿ. ತಲಾ 10 ರೂಪಾಯಿ ಹೋಗುತ್ತದೆ, ಆದರೆ ತಿರಸ್ಕರಿಸಲು ನೆಪ ಸಿಗುವುದಿಲ್ಲ.

ಕಡತ ಪರಿಶೀಲನೆ ಅಂದ್ರೆ ಏನು? ಹೋಗಿ ಏನ್ ನೋಡ್ಬೇಕು?

ಈ ಹಕ್ಕನ್ನು ಬಳಸುವವರೇ ಕಡಿಮೆ. ನನ್ನನ್ನು ಕೇಳಿದರೆ ನಕಲಿಗಿಂತ ಇದೇ ಮೇಲು. ಮೂಲ ಫೈಲನ್ನೇ ಕೂತು ನೋಡಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ಬೇಕಾದ ಪುಟಗಳಿಗಷ್ಟೇ ದುಡ್ಡು ಕಟ್ಟಿ ನಕಲು ಕೇಳಬಹುದು.

ಸಿಸಿ ರಸ್ತೆಯಾದರೆ ನೇರ ಎಂ.ಬಿ. ಪುಟಕ್ಕೆ ಹೋಗಿ. ಉದ್ದ, ಅಗಲ, ದಪ್ಪ ಎಂದು ಸಾಲಾಗಿ ಅಂಕಿ ಇರುತ್ತವೆ, ಕೊನೆಯಲ್ಲಿ ಗುಣಲಬ್ಧ. 100 ಮೀಟರ್ ಉದ್ದ, 3 ಮೀಟರ್ ಅಗಲ, 0.15 ಮೀಟರ್ ದಪ್ಪ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟಿಗೆ ಬಿಲ್ಲಾಗಿದೆ ಎಂದರ್ಥ. ಈಗ ಟೇಪು ಹಿಡಿದು ರಸ್ತೆಗೆ ಹೋಗಿ. ಉದ್ದ, ಅಗಲದಲ್ಲಿ ಮೋಸ ಮಾಡುವುದು ಕಡಿಮೆ, ಎಲ್ಲರ ಕಣ್ಣಿಗೂ ಕಾಣುತ್ತದಲ್ಲ! ದಪ್ಪ ನೋಡಿ. ನಲ್ಲಿ ಪೈಪಿಗಾಗಿ ಅಗೆದ ಕಡೆ, ರಸ್ತೆ ಕೊನೆಯಾಗುವ ಅಂಚಿನಲ್ಲಿ ಅದು ಬಯಲಾಗಿರುತ್ತದೆ. ಅಲ್ಲೆಲ್ಲ 10 ಸೆಂಟಿಮೀಟರೇ ಸಿಕ್ಕರೆ ಆದ ಕೆಲಸ ಸುಮಾರು 30 ಘನ ಮೀಟರ್, ಮೂರನೇ ಒಂದು ಭಾಗ ನೆಲದಲ್ಲಿಲ್ಲ. ಜೊತೆಗೆ ತಾರೀಕುಗಳನ್ನು ನೋಡಿ. ಅಳತೆ ಬರೆದ ದಿನಕ್ಕಿಂತ ಮೊದಲೇ ಬಿಲ್ ಪಾಸಾಗಿದೆಯೇ? ಕಾರ್ಯಾದೇಶಕ್ಕಿಂತ ಮೊದಲೇ ಸಿಮೆಂಟ್ ಬಿಲ್ ಬಂದಿದೆಯೇ? ಅಳತೆ ಬರೆದವರ ಸಹಿ ಇದೆಯೇ, ಮೇಲಿನ ಎಂಜಿನಿಯರ್ ಮರುಪರಿಶೀಲಿಸಿದ ಗುರುತಿದೆಯೇ?

ಕಾಯ್ದೆಯಲ್ಲಿ ಇನ್ನೂ ಒಂದಿದೆ. ಕಾಮಗಾರಿಗೆ ಬಳಸಿದ ವಸ್ತುವಿನ ದೃಢೀಕೃತ ಮಾದರಿಯನ್ನೂ ಕೇಳಬಹುದು, ಕೆಲಸ ನಡೆದ ಜಾಗವನ್ನೂ ಪರಿಶೀಲಿಸಬಹುದು. ಕಾಮಗಾರಿ ನಡೆಯುತ್ತಿರುವಾಗಲೇ ಇಂಥ ಅರ್ಜಿ ಬಿದ್ದರೆ ಅದರ ಪರಿಣಾಮವೇ ಬೇರೆ.

‘ಎಂ.ಬಿ. ನಮ್ಮ ಹತ್ರ ಇಲ್ಲ, ಎಂಜಿನಿಯರ್ ಹತ್ರ ಇದೆ’ ಅಂತ ಅರ್ಜಿ ವಾಪಸ್ ಕೊಟ್ರು.

ವಾಪಸ್ ಕೊಡುವಂತಿಲ್ಲ. ದಾಖಲೆ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು, ಅಥವಾ ಅದರ ಆ ಭಾಗವನ್ನು, ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸುವುದು ಪಿಡಿಒ ಕೆಲಸ. 6(3)ನೇ ಕಲಂ. ‘ನೀವೇ ಅಲ್ಲಿಗೆ ಹೋಗಿ ಕೇಳಿ’ ಎಂಬ ಉತ್ತರ ಕಾಯ್ದೆಯಲ್ಲಿಲ್ಲ.

ನನ್ನ ಇ-ಸ್ವತ್ತು ಅರ್ಜಿ ತಿಂಗಳುಗಟ್ಟಲೆ ಕೂತಿದೆ. ಆರ್‌ಟಿಐ ಹಾಕಿದ್ರೆ ನಮೂನೆ 9, 11 ಸಿಗುತ್ತಾ?

ಇವು ಹಳ್ಳಿಯ ಸ್ವತ್ತಿಗೆ ಪಂಚಾಯಿತಿ ಇ-ಸ್ವತ್ತು ತಂತ್ರಾಂಶದ ಮೂಲಕ ಕೊಡುವ ದಾಖಲೆಗಳು. ಆರ್‌ಟಿಐ ಹಾಕಿದರೆ ನೇರವಾಗಿ ಸಿಗುವುದಿಲ್ಲ. ಆರ್‌ಟಿಐ ದಾಖಲೆ ಕೊಡಿಸುತ್ತದೆ, ಕೆಲಸ ಮಾಡಿಸುವುದಿಲ್ಲ. ನಿಗದಿತ ದಿನದೊಳಗೆ ಸೇವೆ ಸಿಗಬೇಕೆಂದರೆ ಸಕಾಲ ಕಾಯ್ದೆಯ ಮೇಲ್ಮನವಿ ಇದೆ. ಆದರೆ ಫೈಲು ಎಲ್ಲಿ ನಿಂತಿದೆ ಎಂದು ತಿಳಿಯಲು ಆರ್‌ಟಿಐ ಒಳ್ಳೆಯ ದಾರಿ. ‘ನನ್ನ ಅರ್ಜಿ ಸಂಖ್ಯೆ ಇಂಥದ್ದು. ಅದು ಬಂದ ದಿನದಿಂದ ಇಂದಿನವರೆಗಿನ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ’ ಎಂದು ಕೇಳಿ. ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು, ಯಾವ ಆಕ್ಷೇಪಣೆ ಎಂಬುದೆಲ್ಲ ಅಲ್ಲಿರುತ್ತದೆ. ಎಷ್ಟೋ ಸಲ ಈ ಅರ್ಜಿ ತಲುಪಿದ ವಾರದಲ್ಲೇ ಫೈಲು ತಾನಾಗಿ ಎದ್ದು ನಡೆಯುತ್ತದೆ.

## ಉತ್ತರ ಬಾರದಾಗ, ಅಡ್ಡ ಉತ್ತರ ಬಂದಾಗ

ಪಿಡಿಒ ಅರ್ಜಿನೇ ತಗೊಳ್ತಿಲ್ಲ. ‘ನಾಳೆ ಬನ್ನಿ’ ಅಂತಾರೆ.

ನಾಳೆ ಹೋಗಬೇಡಿ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರಲ್ಲೇ ವಿಲೀನವಾಯಿತು. ರಸೀದಿ, ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪುಟ ಎರಡನ್ನೂ ಇಟ್ಟುಕೊಳ್ಳಿ. ಕಚೇರಿಯಲ್ಲೇ ಕೊಡುವುದಾದರೆ ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ತಾರೀಕು, ಸಹಿ ಹಾಕಿಸಿಕೊಳ್ಳಿ. ಓದು ಬರಹ ಬಾರದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ನೆರವಾಗುವುದೂ ಮಾಹಿತಿ ಅಧಿಕಾರಿಯ ಕರ್ತವ್ಯ. ಇದನ್ನು ಅವರಿಗೆ ನೆನಪಿಸಿ.

30 ದಿನ ಆಯ್ತು, ಉತ್ತರ ಇಲ್ಲ. ಇನ್ನೊಂದು ಅರ್ಜಿ ಹಾಕ್ಲಾ?

ಬೇಡ. ಹೊಸ ಅರ್ಜಿ ಹಾಕಿದರೆ ದಿನಗಳು ಮತ್ತೆ ಮೊದಲಿನಿಂದ ಶುರು. ಮೊದಲ ಮೇಲ್ಮನವಿ ಹಾಕಿ. ಗ್ರಾಮ ಪಂಚಾಯಿತಿಯ ಮಟ್ಟಿಗೆ ಅದು ಹೋಗುವುದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅಂದರೆ ಇಒ ಸಾಹೇಬರಿಗೆ. ಅರ್ಜಿ ಕಚೇರಿಗೆ ತಲುಪಿದ ದಿನದಿಂದ 30 ದಿನ ಎಣಿಸಿ. ಅದು ಮುಗಿದ ಮೇಲೆ ಮತ್ತೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಉತ್ತರ ಬಂದು ಅದು ಸರಿಯಿಲ್ಲದಿದ್ದರೆ ಉತ್ತರ ಕೈಸೇರಿದ ದಿನದಿಂದ 30 ದಿನ. ತಡವಾದರೆ ಸರಿಯಾದ ಕಾರಣ ಬರೆದು ಕೇಳಿಕೊಳ್ಳಬಹುದು, ಆದರೆ ಒಪ್ಪುವುದು ಬಿಡುವುದು ಅವರ ಕೈಯಲ್ಲಿ. ಇಒ 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನ ಕೊಡಬೇಕು.

ಮೇಲ್ಮನವಿಯಲ್ಲಿ ಕಥೆ ಬೇಡ. ಅರ್ಜಿ ಹಾಕಿದ ದಿನ, ತಲುಪಿದ ದಿನ, ಉತ್ತರ ಬಂದಿಲ್ಲ, ಅವಧಿ ಮೀರಿರುವುದರಿಂದ 7(6)ರ ಪ್ರಕಾರ ಮಾಹಿತಿಯನ್ನು ಉಚಿತವಾಗಿ ಕೊಡಿಸಿ. ಇಷ್ಟು ಸಾಕು.

ಸಾವಿರಾರು ಪುಟ ಇದೆ, ಇಷ್ಟು ದುಡ್ಡು ಕಟ್ಟಿ ಅಂತ ಪತ್ರ ಬಂದಿದೆ. ಕಟ್ಟಲೇಬೇಕಾ?

ಮೊದಲು ಪತ್ರದ ತಾರೀಕು ನೋಡಿ. 30 ದಿನದೊಳಗೆ ಬಂದ ಪತ್ರವಾದರೆ ಹಣ ಕೇಳುವ ಅಧಿಕಾರ ಅವರಿಗಿದೆ, ಆದರೆ ಎಷ್ಟು ಪುಟ, ಪುಟಕ್ಕೆಷ್ಟು ಎಂಬ ಲೆಕ್ಕ ಕೊಡಬೇಕು. ಪತ್ರ ಕಳಿಸಿದ ದಿನದಿಂದ ನೀವು ಕಟ್ಟುವವರೆಗಿನ ದಿನಗಳು 30ರಲ್ಲಿ ಸೇರುವುದಿಲ್ಲ. ಅವಧಿ ಮುಗಿದ ಮೇಲೆ ಬಂದ ಪತ್ರವಾದರೆ ಕಟ್ಟಬೇಕಿಲ್ಲ.

ಮೊತ್ತ ದೊಡ್ಡದಾಗಿದ್ದರೆ ಬಹಳ ಸಲ ತಪ್ಪು ಅರ್ಜಿಯದ್ದೇ. ‘ಕಳೆದ ಹತ್ತು ವರ್ಷದ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಎಂದು ಕೇಳಿದರೆ ಪುಟಗಳು ಸಾವಿರ ದಾಟುತ್ತವೆ. ‘ನಕಲು ಸದ್ಯಕ್ಕೆ ಬೇಡ, ಮೊದಲು ಪರಿಶೀಲನೆಗೆ ಅವಕಾಶ ಕೊಡಿ’ ಎಂದು ವಾಪಸ್ ಬರೆಯಿರಿ.

‘ಕಡತ ಲಭ್ಯವಿಲ್ಲ’ ಅಂತಾರೆ. ಹಿಂದಿನ ಪಿಡಿಒ ಚಾರ್ಜ್ ಕೊಟ್ಟಿಲ್ವಂತೆ.

ಕಡತ ಕಳೆದುಹೋಗಿದೆ ಎಂಬುದು ಮಾಹಿತಿ ನಿರಾಕರಿಸಲು ಕಾಯ್ದೆ ಕೊಟ್ಟ ಕಾರಣಗಳಲ್ಲಿ ಒಂದಲ್ಲ. ಸರ್ಕಾರಿ ದಾಖಲೆಗಳನ್ನು ಕಾಪಾಡಲು ಕರ್ನಾಟಕದಲ್ಲಿ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೇ ಇದೆ. ಅದೇ ಪಿಡಿಒಗೆ ಎರಡನೇ ಅರ್ಜಿ ಹಾಕಿ: ಅಧಿಕಾರ ಹಸ್ತಾಂತರದ ಪಟ್ಟಿಯ ನಕಲು, ಆ ಕಡತದ ಚಲನವಲನ ವಹಿಯ ಪುಟ, ಕಡತ ಕಾಣೆಯಾದ ಬಗ್ಗೆ ಮೇಲಧಿಕಾರಿಗೆ ಅಥವಾ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ. ಕಳೆದ ಕಡತಗಳು ಈ ಹಂತದಲ್ಲಿ ಬೀರುವಿನ ಹಿಂದೆ ಸಿಗುವುದನ್ನು ಕಂಡಿದ್ದೇನೆ. ಸಿಗದೇ ಹೋದರೂ, ಎಂ.ಬಿ., ಅಂದಾಜು ಪಟ್ಟಿ ತಾಲ್ಲೂಕಿನ ಎಂಜಿನಿಯರಿಂಗ್ ಉಪವಿಭಾಗದಲ್ಲಿ, ಪಾವತಿಯ ವಿವರ ಪಂಚತಂತ್ರದಲ್ಲಿ ಇರುವ ಸಾಧ್ಯತೆ ಹೆಚ್ಚು.

ಫಲಾನುಭವಿಗಳ ಪಟ್ಟಿ ಕೇಳಿದ್ರೆ ‘ವೈಯಕ್ತಿಕ ಮಾಹಿತಿ, ಕೊಡೋ ಹಾಗಿಲ್ಲ’ ಅಂತ ಬರೆದಿದ್ದಾರೆ. ಕಾನೂನು ಬದಲಾಗಿದೆ ಅಂತಾನೂ ಹೇಳಿದ್ರು.

ಬದಲಾಗಿರುವುದು ನಿಜ. 8(1)(ಜೆ) ಕಲಂ ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಅನಗತ್ಯವಾಗಿ ಖಾಸಗಿತನಕ್ಕೆ ಕೈಹಾಕುವ ವೈಯಕ್ತಿಕ ಮಾಹಿತಿಯನ್ನಷ್ಟೇ ತಡೆಯುತ್ತಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಬಾರದು ಎಂಬ ಮಾತೂ ಅಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇವನ್ನೆಲ್ಲ ಕಿತ್ತುಹಾಕಿ ‘ವೈಯಕ್ತಿಕ ಮಾಹಿತಿ’ ಎಂದಷ್ಟೇ ಉಳಿಸಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಮಾಹಿತಿ ಹಕ್ಕಿಗೆ ಬಿದ್ದ ದೊಡ್ಡ ಪೆಟ್ಟು ಇದು.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದೆಂಬ 8(2) ಉಳಿದಿದೆ. ಸಹಾಯಧನದ ಯೋಜನೆಗಳಲ್ಲಿ ಹಣದ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಕಚೇರಿಯೇ ಪ್ರಕಟಿಸಬೇಕೆಂಬ 4(1)(ಬಿ) ಉಳಿದಿದೆ. ಮುಚ್ಚಬೇಕಾದ ಭಾಗ ಮುಚ್ಚಿ ಉಳಿದದ್ದನ್ನು ಕೊಡಬೇಕೆಂಬ 10ನೇ ಕಲಂ ಸಹ. ಮೇಲ್ಮನವಿಯಲ್ಲಿ ಈ ಮೂರನ್ನೂ ಬರೆಯಿರಿ. ‘ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಮುಚ್ಚಿ ಕೊಟ್ಟರೆ ಸಾಕು’ ಎಂದು ಅರ್ಜಿಯಲ್ಲೇ ಹೇಳಿಬಿಡುವುದು ಇನ್ನೂ ಜಾಣತನ.

## ಮುಂದಿನ ಹಂತ

ಇಒ ಕೂಡ ಏನೂ ಮಾಡ್ಲಿಲ್ಲ. ಆಯೋಗಕ್ಕೆ ದೂರು ಕೊಡ್ಲಾ, ಮೇಲ್ಮನವಿ ಹಾಕ್ಲಾ?

ನಿಮಗೆ ಬೇಕಾದದ್ದು ದಾಖಲೆ ಎಂದಾದರೆ 19(3)ರ ಪ್ರಕಾರ ಎರಡನೇ ಮೇಲ್ಮನವಿ. ಇಒ ಆದೇಶ ಸಿಕ್ಕ ದಿನದಿಂದ ಅಥವಾ ಅವರು ಆದೇಶ ಮಾಡಬೇಕಿದ್ದ ದಿನದಿಂದ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗ ಬೆಂಗಳೂರಿನಲ್ಲಿದೆ, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. 18ನೇ ಕಲಮಿನ ದೂರು ಬೇರೆ. ದೂರಿನ ಮೇಲೆ ಆಯೋಗ ದಂಡ ಹಾಕಬಹುದು, ಆದರೆ ಮಾಹಿತಿ ಕೊಡಿಸಲಾಗದು ಎಂದು 2011ರಲ್ಲಿ ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ವ್ಯತ್ಯಾಸ ತಿಳಿಯದೆ ದೂರು ಕೊಟ್ಟು, ಬಹುಕಾಲ ಕಾದು, ಕೊನೆಗೆ ಕಾಗದ ಸಿಗದೆ ವಾಪಸಾದವರು ಬಹಳ.

25 ಸಾವಿರ ದಂಡ ಹಾಕಿಸ್ತೀನಿ ಅಂದ್ರೆ ಹೆದರ್ತಾರಾ?

ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡವಿದೆ, ಅದು ಅಧಿಕಾರಿಯ ಮೇಲೆ ವೈಯಕ್ತಿಕವಾಗಿ ಬೀಳುತ್ತದೆ. ಹಾಕುವ ಅಧಿಕಾರ ಆಯೋಗಕ್ಕೆ ಮಾತ್ರ, ಇಒಗಿಲ್ಲ. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ದಂಡದ ಬೆದರಿಕೆ ಹಾಕಿ ಆಮೇಲೆ ‘ರಾಜಿ’ ಮಾತಾಡುವ ಕೆಲವರಿಂದಾಗಿ ಪ್ರಾಮಾಣಿಕ ಅರ್ಜಿದಾರರನ್ನೂ ಕಚೇರಿಗಳು ಅನುಮಾನದಿಂದ ನೋಡುವಂತಾಗಿದೆ.

ನಮ್ಮೂರ ಸಹಕಾರ ಸಂಘಕ್ಕೂ ಹೀಗೇ ಹಾಕಬಹುದಾ?

ನೇರವಾಗಿ ಆಗದು. ಸರ್ಕಾರದ ಗಣನೀಯ ಹಣ ಅಥವಾ ಹಿಡಿತ ಇಲ್ಲದ ಸಹಕಾರ ಸಂಘಗಳು ಆರ್‌ಟಿಐಗೆ ಬರುವುದಿಲ್ಲ ಎಂದು 2013ರಲ್ಲಿ ಕೇರಳದ ತಲಪ್ಪಲಂ ಬ್ಯಾಂಕ್ ಪ್ರಕರಣದಲ್ಲಿ ತೀರ್ಪಾಗಿದೆ. ಆದರೆ ಸಂಘದಿಂದ ಸಹಕಾರ ಇಲಾಖೆ ಕಾನೂನಿನ ಪ್ರಕಾರ ತರಿಸಿಕೊಳ್ಳಬಹುದಾದ ದಾಖಲೆಗಳನ್ನು, ಉದಾಹರಣೆಗೆ ಲೆಕ್ಕಪರಿಶೋಧನಾ ವರದಿಯನ್ನು, ಆ ಇಲಾಖೆಗೆ ಅರ್ಜಿ ಹಾಕಿ ಕೇಳಬಹುದು.

ಅರ್ಜಿ ಹಾಕಿದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯ್ತು. ಗುತ್ತಿಗೆದಾರನ ಕಡೆಯವರು ಮನೆಗೆ ಬಂದಿದ್ರು.

ಈ ಭಯ ಸುಳ್ಳಲ್ಲ. ಆರ್‌ಟಿಐ ಹಾಕಿದವರ ಮೇಲೆ ದೇಶದ ಹಲವೆಡೆ ಹಲ್ಲೆಗಳಾಗಿವೆ, ಕೊಲೆಗಳೂ ಆಗಿವೆ. ಬೆದರಿಸಿದವರ ಹೆಸರು, ದಿನ, ಆಡಿದ ಮಾತು ಬರೆದು ಅಂದೇ ಠಾಣೆಗೆ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಇನ್ನು ಮುಂದೆ ಒಬ್ಬರೇ ಹಾಕಬೇಡಿ. ಒಂದೇ ಅರ್ಜಿಯನ್ನು ನಾಲ್ಕೈದು ಜನ ತಮ್ಮ ತಮ್ಮ ಹೆಸರಲ್ಲಿ ಹಾಕಿದರೆ ಒಬ್ಬರ ಮನೆಗೆ ಹೋಗಿ ಉಪಯೋಗವಿಲ್ಲ ಎಂಬುದು ಅವರಿಗೂ ತಿಳಿಯುತ್ತದೆ. ದೂರದ ಊರಿನ ನೆಂಟರೋ ಗೆಳೆಯರೋ ಹಾಕಿದರೂ ಮಾಹಿತಿ ಅದೇ.

ನಾನು ಅಮೆರಿಕದಲ್ಲಿದ್ದೀನಿ. ಊರಲ್ಲಿ ಅಪ್ಪನ ಹೆಸರಿನ ಸೈಟಿದೆ. ಇಲ್ಲಿಂದಲೇ ಹಾಕಬಹುದಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಹಾಕಬಹುದು. ಕಾಯ್ದೆ ಹಕ್ಕು ಕೊಟ್ಟಿರುವುದು ಪ್ರಜೆಗಳಿಗೆ, ಹಾಗಾಗಿ ಬೇರೆ ದೇಶದ ಪ್ರಜೆಗಳಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರಷ್ಟೇ ಸಾಲದು. ತೊಡಕು 10 ರೂಪಾಯಿಯದ್ದು. ಹೊರದೇಶದವರಿಗಾಗಿ ಮಾಡಿರುವ ಇ-ಐಪಿಒ ಕೇಂದ್ರ ಸರ್ಕಾರದ ಕಚೇರಿಗಳಿಗಾಗಿ ಬಂದದ್ದು, ಪಂಚಾಯಿತಿಗೆ ಅದು ನಡೆಯುವುದಿಲ್ಲ. ಅಪ್ಪನೇ ತಮ್ಮ ಹೆಸರಲ್ಲಿ ಹಾಕುವುದು ಎಲ್ಲಕ್ಕಿಂತ ಸುಲಭ. ಸ್ವಂತ ಸ್ವತ್ತಿನ ದಾಖಲೆ ಕೇಳಿದವರಿಗೆ ‘ಮೂರನೇ ವ್ಯಕ್ತಿಯ ಮಾಹಿತಿ’ ಎಂಬ ಉತ್ತರವೂ ಬರುವುದಿಲ್ಲ. ಅರ್ಜಿ ನೀವು ಅಲ್ಲಿಂದ ಬರೆದು ಕಳಿಸಿ, ಅಪ್ಪ ಸಹಿ ಮಾಡಿ ಐಪಿಒ ಲಗತ್ತಿಸಿ ಪೋಸ್ಟ್ ಮಾಡಲಿ. ಅಳತೆ, ಚೆಕ್ಕುಬಂದಿ, ಹಳೆಯ ಖಾತೆ ನಂಬರ್ ಸರಿಯಾಗಿ ಬರೆಯಲು ಹೇಗೂ ಅವರನ್ನೇ ಕೇಳಬೇಕು.